ನಿಂಬೆ ಸಸಿಗೆ ನಾನೇ ವೈರಸ್ ಹಚ್ಚಿದೆ

ವಿಜಯಪುರದ ಇಂಡಿ ಕಡೆ ನಿಂಬೆ ಬೆಳೆಯುವವರಿಗೆ ಟ್ರಿಸ್ಟೆಜಾ, ಅಂದರೆ ನಿಂಬೆ-ಕಿತ್ತಳೆ ಗಿಡಗಳನ್ನು ಕುಗ್ಗಿಸುವ ವೈರಸ್, ಏನು ಅಂತ ಹೇಳಬೇಕಿಲ್ಲ. ಆದರೆ ಅದರಲ್ಲಿ ಸೌಮ್ಯ ತಳಿಯೂ ಇದೆ, ಗಿಡ ತಿಂದುಹಾಕುವ ಜೋರು ತಳಿಯೂ ಇದೆ. ಸೌಮ್ಯದ್ದನ್ನು ಸಸಿಯಲ್ಲೇ ಸೇರಿಸಿದರೆ, ಮುಂದೆ ಕರಿ ಸಸ್ಯಹೇನು ಹೊತ್ತು ತರುವ ಜೋರು ತಳಿಗೆ ಒಳಗೆ ಜಾಗ ಸಿಗುವುದು ಕಷ್ಟ. ಬ್ರೆಜಿಲ್‌ನವರು ಪೇರಾ ಅನ್ನೋ ಕಿತ್ತಳೆಯಲ್ಲಿ ದಶಕಗಳಿಂದ ಮಾಡುತ್ತಿರುವುದೂ ಇದನ್ನೇ. ನಾನು ಶುರು ಮಾಡಿದಾಗ ಮಾತ್ರ ಕಾಕಾ, "ಹುಚ್ಚ ಹಿಡದೈತೇನು ನಿನಗ? ರೋಗಾನ ರೊಕ್ಕ ಕೊಟ್ಟು ಹಚ್ಚತಿಯಲ್ಲ!" ಅಂದರು.

ಬೀಜದಲ್ಲಿ ಈ ವೈರಸ್ ಬರಲ್ಲ, ಹಾಗಾಗಿ ಬೀಜದ ಸಸಿಗಳನ್ನೇ ನುಸಿ ಪರದೆ ಒಳಗೆ ಬೆಳೆಸಿದೆ. ಸುತ್ತಲಿನವು ಒಣಗಿದರೂ ಕಾಯಿ ಬಿಡುತ್ತಲೇ ಇದ್ದ ಸುಮಾರು 20 ಹಳೇ ಮರಗಳಿಂದ ತೊಗಟೆ ತುಂಡು ತಂದು, ಅದರೊಳಗಿನ ವೈರಸ್ ಇಳಿಯಲಿ ಅಂತ ಸಸಿಗಳಿಗೆ ಕೂರಿಸಿದೆ. ಮೊದಲ ಸಲ ಅರ್ಧಕ್ಕರ್ಧ ತುಂಡು ಒಣಗಿಯೇ ಹೋದವು. ಹತ್ತಿದವುಗಳಲ್ಲೂ ಜಾಸ್ತಿ ಕೆಟ್ಟವೇ: ಎಳೆ ಎಲೆಯನ್ನು ಬಿಸಿಲಿಗೆ ಹಿಡಿದರೆ ನರಗಳು ಅಲ್ಲಲ್ಲಿ ತಿಳಿಯಾಗಿ ಹೊಳೆಯುತ್ತಿದ್ದವು, ಕಾಂಡದ ತೊಗಟೆ ಸುಲಿದರೆ ಕಟ್ಟಿಗೆ ಮೇಲೆಲ್ಲ ಮೊಳೆಯಿಂದ ಗೀರಿದಂಥ ಕುಳಿಗಳು. ಅಂಥವನ್ನೆಲ್ಲ ಸುಟ್ಟೆ. ನರ ಸ್ವಲ್ಪವೇ ಹೊಳೆದು ಕುಳಿ ಬೀಳದ ಮೂಲಗಳು ಕೊನೆಗೆ ಉಳಿದದ್ದು ಮೂರೋ ನಾಲ್ಕೋ.

ಲ್ಯಾಬಿನ ಮಾಮೂಲಿ ಇಲೈಸಾ ಪರೀಕ್ಷೆಗೆ ದುಡ್ಡು ಸುರಿದೆ. ವೈರಸ್ ಇದೆ ಅನ್ನುತ್ತೆ, ಸೌಮ್ಯವೋ ಜೋರೋ ಅಂತ ಹೇಳಲ್ಲ. ಅದನ್ನು ಗಿಡವೇ ಹೇಳಬೇಕು, ಅದೂ ಚಳಿಗಾಲದ ಚಿಗುರಲ್ಲಿ. ನಮ್ಮ 40 ಡಿಗ್ರಿ ಬೇಸಿಗೆಯಲ್ಲಿ ಲಕ್ಷಣ ಅಡಗಿ, ಜೋರು ತಳಿಯೂ ಸಾಧುವಾಗಿ ಕಾಣುತ್ತೆ. ಪರದೆ, ಪರೀಕ್ಷೆ, ಸುಟ್ಟ ಸಸಿ ಎಲ್ಲ ಸೇರಿ ಒಂದೂವರೆ ಲಕ್ಷದ ಹತ್ತಿರ ಹೋಯಿತು.

ಸುಮ್ನೆ ರಂಗಪುರ ನಿಂಬೆಯ ಬೇರಿನ ಮೇಲೆ ಕಸಿ ಕಟ್ಟಿದ ಮೋಸಂಬಿಗೂ ಅದೇ ತುಂಡುಗಳನ್ನು ಹಾಕಿ ನೋಡಿದೆ. ಸೌಮ್ಯ ತಳಿಗೂ ಜೋರು ತಳಿಗೂ ಅದು ಏನೂ ತೋರಿಸಲಿಲ್ಲ. ನಿಂಬೆಗೆ ಸೌಮ್ಯ ವೈರಸ್ ಆರಿಸೋಕೆ ನಿಂಬೆ ಗಿಡವೇ ಬೇಕು.

ಹೊಲದಲ್ಲಿ ಹಚ್ಚಿದ ಸಾಲು, ಹಚ್ಚದ ಸಾಲು ಪಕ್ಕಪಕ್ಕ ನೆಟ್ಟೆ. ಈಗ ಆರು ವರ್ಷದ ಗಿಡಗಳು. ಹಚ್ಚದ ಸಾಲಲ್ಲಿ ಮೂರಕ್ಕೆ ಒಂದು ಗಿಡ ಕುಂಠಿತ, ಕಾಯಿ ಗೋಲಿಯಷ್ಟೇ. ಹಚ್ಚಿದ್ದರಲ್ಲಿ ನೂರಕ್ಕೆ ಏಳೆಂಟು ಕೆಟ್ಟಿರಬಹುದು. ನಗುತ್ತಿದ್ದವರೇ ಈಗ ಸಸಿ ಕೇಳುತ್ತಾರೆ, ಅಲ್ವಾ! ಒಂದು ಮೂಲದ ಕೆಲವು ಗಿಡಗಳು ಮಾತ್ರ ನಾಲ್ಕನೇ ವರ್ಷಕ್ಕೆ ಕೈಕೊಟ್ಟವು. ಸೌಮ್ಯ ತಳಿ ತನ್ನ ಜಾತಿಯ ಜೋರು ತಳಿಯನ್ನಷ್ಟೇ ತಡೆಯುತ್ತೆ, ಬೇರೆ ಜಾತಿಯದು ಬಂದರೆ ಇಲ್ಲ.

ತುಂಡನ್ನು ಯಾವ ಕೊಂಬೆಯಿಂದ, ಯಾವ ತಿಂಗಳು ತೆಗೆಯುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಈ ಸಲ ಎರಡು ಮೂಲ ಒಟ್ಟಿಗೆ ಕೂರಿಸಿದ 50 ಸಸಿ ನೆಟ್ಟಿದ್ದೇನೆ. ಅವುಗಳ ಕಾಯಿ ನೋಡೋಕೆ ಇನ್ನೂ ಮೂರು ವರ್ಷ ಬೇಕು.