ಹೊಸ ಐಡಿಯಾ ರಿಪೇರಿ ಸಾಮಾನಿನಲ್ಲೇ ಇರುತ್ತದೆ

ಗದಗ-ಬೆಟಗೇರಿಯಲ್ಲಿ ನಮ್ಮದು ಸಣ್ಣ ವೆಲ್ಡಿಂಗ್ ಅಂಗಡಿ. ಬಿತ್ತುವ ಕೂರಿಗೆ, ಕುಂಟೆ, ಸಾಲಿನ ನಡುವಿನ ಕಳೆ ತೆಗೆಯಲು ಕೈಯಿಂದ ತಳ್ಳುವ ಸೈಕಲ್ ಎಡೆಕುಂಟೆ ಮಾಡುತ್ತೇವೆ. 'ಹೊಸ ಹೊಸ ಐಡಿಯಾ ಎಲ್ಲಿಂದ ಬರ್ತಾವ?' ಎಂದು ಕೇಳಿದವರಿಗೆ ರಿಪೇರಿಗೆ ಬಂದು ಬಿದ್ದ ಸಾಮಾನು ತೋರಿಸುತ್ತೇನೆ. ಮುರಿದ ಜಾಗಕ್ಕಿಂತ, ರೈತರು ತಾವೇ ತಂತಿ, ಹಗ್ಗ ಸುತ್ತಿಕೊಂಡ ಜಾಗವನ್ನು ನಾನು ಜಾಸ್ತಿ ನೋಡುತ್ತೇನೆ. ಅವರಿಗೆ ಏನು ಬೇಕು ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ನರಗುಂದದ ಕಡೆಯ ಒಬ್ಬ ಅವ್ವ ಸಂತೆಯಲ್ಲಿ ಕೊಂಡ ಎಡೆಕುಂಟೆ ತಂದಿದ್ದರು. ಕುಡ, ಅಂದರೆ ಕಳೆ ಕೊಯ್ಯುವ ಅಲಗು, ಹರಿತ ಮಾಡಿದರೆ ಸಾಕಿತ್ತು. ಆದರೆ ಹ್ಯಾಂಡಲ್‌ನಿಂದ ಒಂದು ಗೇಣು ಕೆಳಗೆ, ಹಳೆ ಸೀರೆ ತುಂಡಿನಿಂದ ಬಿದಿರ ಕೋಲು ಬಿಗಿದಿದ್ದರು.

"ಇದೇನವ್ವಾ?" ಅಂದೆ.

"ಗಂಡಸರ ಎತ್ತರಕ್ಕ ಮಾಡ್ಯಾರಪ್ಪಾ. ಹೊತ್ತು ಮುಳುಗೂತನಾ ತಳ್ಳಿದ್ರ ರಟ್ಟಿ ಬಿದ್ದು ಹೋಗತಾವ."

ಕೂಲಿ ಆಳು ಸಿಗದ ಮನೆಗಳಲ್ಲಿ ಎಡೆ ಹೊಡೆಯುವುದು ಹೆಣ್ಣುಮಕ್ಕಳೇ. ಪೈಪಿನೊಳಗೆ ಪೈಪು ಇಳಿಸಿ, ಸಾಲಾಗಿ ತೂತು ಕೊರೆದು, ಬೋಲ್ಟು ಹಾಕಿಕೊಟ್ಟೆ. ಯಾರ ಎತ್ತರಕ್ಕೆ ಬೇಕೋ ಹಾಗೆ ಏರಿಸಬಹುದು, ಇಳಿಸಬಹುದು. ಈಗ ನಾವು ಎಲ್ಲವನ್ನೂ ಹಾಗೇ ಮಾಡುತ್ತೇವೆ.

ಕುಡಕ್ಕೆ ಗುಜರಿಯ ಲಾರಿ ಪಾಟಾ, ಅಂದರೆ ಲಾರಿಯ ಸ್ಪ್ರಿಂಗ್ ಪಟ್ಟಿ, ಬಳಸುತ್ತೇವೆ. ಸಾದಾ ಪಟ್ಟಿಗಿಂತ ಅದರ ಹರಿತ ಬಹಳ ದಿನ ಉಳಿಯುತ್ತದೆ. ಆದರೆ ಗಡಸು ಉಕ್ಕು. ಸುಮ್ನೆ ವೆಲ್ಡ್ ಮಾಡಿದರೆ ಜೋಡಿನ ಪಕ್ಕದಲ್ಲಿ ಬಿರುಕು ಬಿಡುತ್ತದೆ. ಹಾಗಾಗಿ ಬೋಲ್ಟ್ ಹಾಕಿ ಕೂರಿಸಿದೆ. ಅದರಿಂದ ಇನ್ನೊಂದು ಅನುಕೂಲವಾಯಿತು. ಹೆಸರುಕಾಳು ಬೆಳೆಯ ಸಾಲಿನ ನಡುವೆ ಸುಮಾರು ಒಂದಡಿ, ಜೋಳಕ್ಕೆ ಒಂದೂವರೆ ಅಡಿ. ಎರಡು ಅಳತೆಯ ಕುಡ ಕೊಟ್ಟರೆ ರೈತರು ಹೊಲದಲ್ಲೇ ಪಾನಾ ಹಿಡಿದು ಬದಲಿಸಿಕೊಳ್ಳುತ್ತಾರೆ.

ಇಲ್ಲೇ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಸ್ವತಃ ಹುಣಸೆ ಬೆಳೆದವರು, ಹುಣಸೆ ಬೀಜ ಬಿಡಿಸುವ ಯಂತ್ರ ಮಾಡಿದರು. ಕೆಲಸದ ಕಷ್ಟ ಗೊತ್ತಿದ್ದವರ ಕೈಯಲ್ಲಿ ಇಂಥವು ಹುಟ್ಟುತ್ತವೆ ಎಂದು ನನ್ನ ನಂಬಿಕೆ. ಸಾಲ, ಸಬ್ಸಿಡಿ ಬೇಕು ನಿಜ. ಮುದ್ರಾ ಸಾಲದಲ್ಲಿ ಡ್ರಿಲ್ ಮಷಿನ್ ಕೊಳ್ಳಬಹುದು. ಎಲ್ಲಿ ತೂತು ಕೊರೆಯಬೇಕು ಎಂದು ಹೇಳಿಕೊಡುವವರು ಮಾತ್ರ ಗಿರಾಕಿಗಳೇ.

ನಾವು ಮಾಡಿದ್ದು ಮುಂದಿನ ಹಂಗಾಮಿಗೆ ಬೇರೆ ಅಂಗಡಿಯಲ್ಲೂ ಕಾಣುತ್ತದೆ. ನನಗೆ ಬೇಸರವಿಲ್ಲ. ರೈತರಿಗೆ ಎಲ್ಲಿ ಸಿಕ್ಕರೂ ಒಳ್ಳೆಯದೇ. ನಾನೂ ಕೈಕಟ್ಟಿ ಕೂರುವಂತಿಲ್ಲ, ಅಲ್ವಾ?

ಸದ್ಯ ಎರೆ ಮಣ್ಣಿನ ಕಾಟಕ್ಕೆ ಕೈಹಾಕಿದ್ದೇನೆ. ಸ್ವಲ್ಪ ಹಸಿಯಿದ್ದರೂ ಚಕ್ರಕ್ಕೆ ಮೆತ್ತಿ ಕುಂಟೆ ಮುಂದಕ್ಕೆ ಹೋಗುವುದಿಲ್ಲ. ರೋಣದ ರೈತರೊಬ್ಬರು ಚಕ್ರದ ಎರಡೂ ಬದಿಯ ಪಟ್ಟಿಗೆ ಅಡ್ಡಲಾಗಿ ದಪ್ಪ ತಂತಿ ಬಿಗಿದುಕೊಂಡು ಬಂದಿದ್ದರು, ಮಣ್ಣು ಕೆರೆದು ಬೀಳಲಿ ಎಂದು. ಅದನ್ನೇ ಕಬ್ಬಿಣದ ಪಟ್ಟಿಯಲ್ಲಿ ಮಾಡಿ, ಈ ಮುಂಗಾರಿಗೆ ಅವರ ಹೊಲದಲ್ಲೇ ಓಡಿಸಿ ನೋಡುತ್ತೇವೆ.