ಪ್ಲೈವುಡ್, ಫ್ಯಾನ್ ಬೇರಿಂಗ್, ಎರಡು ಸ್ಪ್ರಿಂಗ್: ಮನೆಯಲ್ಲೇ ಕಟ್ಟಿ ಆರ್ಕೇಡ್ ಯೋಕ್

ಹಿಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿ ಕೈಬಿಡಿ. ಅದು ತಾನಾಗಿ ನಡುವಿಗೆ ಬಂದು ಅಲ್ಲಾಡದೆ ನಿಲ್ಲಬೇಕು. ಎಡಕ್ಕೆ ತಿರುಗಿಸಿ ಬಿಟ್ಟರೂ ಅದೇ ಜಾಗಕ್ಕೆ ಬರಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಯೋಕ್, ಅಂದರೆ ವಿಡಿಯೊ ಆಟಕ್ಕೆ ಎರಡೂ ಕೈಯಲ್ಲಿ ಹಿಡಿದು ತಿರುಗಿಸುವ ಹಿಡಿಕೆ, ಯಾವುದೇ ಕೈಗೆ ಸಿಕ್ಕಿದರೂ ನಾನು ಮೊದಲು ಮಾಡುವ ಪರೀಕ್ಷೆ ಇದು. ನಾನು ಕಟ್ಟಿದ ಮೊದಲ ಯೋಕ್ ಈ ಪರೀಕ್ಷೆಯಲ್ಲಿ ಸೋತಿತ್ತು. ವೈರಿಂಗ್ ಸರಿಯಿತ್ತು, ಪ್ರೋಗ್ರಾಂ ಸರಿಯಿತ್ತು, ಆದರೂ ಪರದೆಯ ಮೇಲಿನ ಗುರಿಚಿಹ್ನೆ ಒಮ್ಮೆ ನಡುವಿನಿಂದ ತುಸು ಎಡಕ್ಕೆ, ಇನ್ನೊಮ್ಮೆ ತುಸು ಬಲಕ್ಕೆ ನಿಲ್ಲುತ್ತಿತ್ತು. ವಾರಗಟ್ಟಲೆ ಪ್ರೋಗ್ರಾಂ ತಿದ್ದಿದ ಮೇಲೆ ಗೊತ್ತಾಯಿತು, ದೋಷ ಇದ್ದದ್ದು ಸ್ಪ್ರಿಂಗ್ ಕೂರಿಸಿದ ಬಗೆಯಲ್ಲಿ. ಅದಕ್ಕೇ ಇಲ್ಲಿ ಎಲೆಕ್ಟ್ರಾನಿಕ್ಸ್‌ಗಿಂತ ಮರ, ಕಬ್ಬಿಣದ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಯಾವ ಯೋಕ್?

ಯೋಕ್ ಎಂದರೆ ನೊಗ. ವಿಮಾನದ ಯೋಕನ್ನು ತಿರುಗಿಸಿದರೆ ವಿಮಾನ ವಾಲುತ್ತದೆ, ಎದೆಯ ಕಡೆ ಎಳೆದರೆ ಮೂತಿ ಮೇಲೇಳುತ್ತದೆ. ಆರ್ಕೇಡ್ ಯೋಕ್‌ನಲ್ಲಿ, ಅಂದರೆ ನಾಣ್ಯ ಹಾಕಿ ಆಡುವ ಆಟದ ಯಂತ್ರದ ಯೋಕ್‌ನಲ್ಲಿ, ಈ ಎಳೆತ ಇಲ್ಲ. 1983ರಲ್ಲಿ ಅಟಾರಿ ಕಂಪನಿ ತಂದ ಸ್ಟಾರ್ ವಾರ್ಸ್ ಆಟದ ಯಂತ್ರದಲ್ಲಿ ಎರಡು ಹಿಡಿಗಳು ಒಂದೇ ಅಡ್ಡ ಸರಳಿಗೆ ಸೇರಿಕೊಂಡಿದ್ದವು. ಎಡಬಲಕ್ಕೆ ಹೋಗಲು ಇಡೀ ಯೋಕನ್ನು ಸ್ಟೀರಿಂಗ್‌ನಂತೆ ತಿರುಗಿಸಬೇಕು, ಮೇಲೆ ಕೆಳಗೆ ಹೋಗಲು ಹಿಡಿಗಳನ್ನು ಮುಂದಕ್ಕೋ ಹಿಂದಕ್ಕೋ ಬಾಗಿಸಬೇಕು. ಬೆರಳಿಗೆ ಎರಡು, ಹೆಬ್ಬೆರಳಿಗೆ ಎರಡು, ಒಟ್ಟು ನಾಲ್ಕು ಗುಂಡಿಗಳು.

ಈ ವಿನ್ಯಾಸದ ಹಿಂದೆ ಸೈನ್ಯದ ಕತೆಯಿದೆ. 1980ರ ಬ್ಯಾಟಲ್‌ಝೋನ್ ಟ್ಯಾಂಕ್ ಆಟವನ್ನು ಅಮೆರಿಕದ ಸೈನ್ಯದ ಬ್ರಾಡ್ಲಿ ವಾಹನದ ಗನ್ನರ್‌ಗಳ ತರಬೇತಿಗೆ ಮಾರ್ಪಡಿಸುವಾಗ ಅಟಾರಿ ಹೊಸ ಹಿಡಿಕೆಯೊಂದನ್ನು ಮಾಡಿತು. ತಯಾರಾದ ತರಬೇತಿ ಯಂತ್ರಗಳು ಎರಡೇ. ಹಿಡಿಕೆ ಮಾತ್ರ ಉಳಿದುಕೊಂಡು ಸ್ಟಾರ್ ವಾರ್ಸ್‌ಗೆ ಬಂತು. ಮುಂದೆ ಪೇಪರ್‌ಬಾಯ್ ಆಟದ ಸೈಕಲ್ ಹ್ಯಾಂಡಲ್ ಕೂಡ ಇದೇ ಯೋಕ್‌ನ ಬದಲಾದ ರೂಪ.

ನಾವು ಕಟ್ಟುವುದು ಈ ಮಾದರಿಯನ್ನೇ. ಮುಂದೆ ಹಿಂದೆ ಜಾರುವ ದಂಡಕ್ಕಿಂತ ಬರೀ ತಿರುಗುವ ದಂಡ ಕಟ್ಟುವುದು ಎಷ್ಟೋ ಸುಲಭ.

ಸಾಮಾನು

12 ಮಿ.ಮೀ. ದಪ್ಪದ ನುಣುಪಾದ ಉಕ್ಕಿನ ಸರಳು 250 ಮಿ.ಮೀ., 8 ಮಿ.ಮೀ. ಸರಳು 300 ಮಿ.ಮೀ. ಎರಡು 6201 ಬೇರಿಂಗ್: ಒಳವ್ಯಾಸ 12, ಹೊರವ್ಯಾಸ 32, ದಪ್ಪ 10 ಮಿ.ಮೀ.; ಸೀಲಿಂಗ್ ಫ್ಯಾನ್ ರಿಪೇರಿ ಮಾಡುವವರ ಬಳಿ ಸಿಗುತ್ತವೆ. ಎರಡು 608 ಬೇರಿಂಗ್, ಅಂದರೆ ಸ್ಕೇಟಿಂಗ್ ಚಕ್ರದವು: ಒಳಗೆ 8, ಹೊರಗೆ 22, ದಪ್ಪ 7. ಪೆಟ್ಟಿಗೆಗೂ ಯು ಆಕಾರದ ಚೌಕಟ್ಟಿಗೂ 18 ಮಿ.ಮೀ. ಪ್ಲೈವುಡ್. 3 ಮಿ.ಮೀ. ಕಬ್ಬಿಣದ ಪಟ್ಟಿ ಒಂದು ಮೀಟರ್. ಎಳೆಯುವ ಸ್ಪ್ರಿಂಗ್ ಎರಡು.

ಹಿಡಿಗೆ 22 ಮಿ.ಮೀ. ಹೊರವ್ಯಾಸದ ಕಬ್ಬಿಣದ ಪೈಪ್, ಅದರ ಮೇಲೆ ಬೈಕಿನ ರಬ್ಬರ್ ಗ್ರಿಪ್. ಗ್ರಿಪ್ ಕೊಳ್ಳುವಾಗ ಎರಡೂ ಎಡಗೈಯವೇ ಬೇಕೆಂದು ಕೇಳಿ. ಬಲಗೈಯದು ಆಕ್ಸಲರೇಟರ್ ಕೊಳವೆಯ ಮೇಲೆ ಕೂರುವುದರಿಂದ ಅದರ ತೂತು ದೊಡ್ಡದು, ಪೈಪಿನ ಮೇಲೆ ಜಾರುತ್ತದೆ.

ಎಲೆಕ್ಟ್ರಾನಿಕ್ಸ್ ಪಟ್ಟಿ ಚಿಕ್ಕದು: ಆರ್ಡುಯಿನೊ (ನಾವೇ ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡ್) ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ ಒಂದು, ತಿರುವನ್ನು ಅಳೆಯಲು 10 ಕಿಲೊಓಮ್ ಲೀನಿಯರ್ ಪೊಟೆನ್ಶಿಯೊಮೀಟರ್ ಎರಡು, 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಎರಡು, ಗುಂಡಿಗಳಿಗೆ ಮೈಕ್ರೊಸ್ವಿಚ್ ನಾಲ್ಕು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಒಂದೇ ಸುತ್ತಿನಲ್ಲಿ ಇವೆಲ್ಲ ಸಿಗುತ್ತವೆ. ಅಂಗಡಿಯವರು ಆರ್ಡುಯಿನೊ ಎಂದರೆ ಊನೊ ಬೋರ್ಡನ್ನೇ ಕೊಡುವುದು ರೂಢಿ. ಅದು ಬೇಡ. ಲಿಯೊನಾರ್ಡೊದಲ್ಲೂ ಪ್ರೊ ಮೈಕ್ರೊದಲ್ಲೂ ಇರುವ ಎಟಿಮೆಗಾ 32ಯು4 ಚಿಪ್ ತಾನೇ ಯುಎಸ್‌ಬಿ ಮಾತಾಡುತ್ತದೆ, ಕಂಪ್ಯೂಟರ್ ಅದನ್ನು ಜಾಯ್‌ಸ್ಟಿಕ್ ಎಂದೇ ಗುರುತಿಸುತ್ತದೆ. ಸಾಮಾನ್ಯವಾಗಿ ಸಿಗುವ ಊನೊ ಆರ್3 ನೇರವಾಗಿ ಹಾಗೆ ಮಾಡಲಾರದು.

ಪೊಟೆನ್ಶಿಯೊಮೀಟರ್ ಮೇಲೆ ಬಿ10ಕೆ ಎಂದು ಬರೆದಿದೆಯೇ ನೋಡಿ. ಎ ಅಕ್ಷರದ್ದು ಸಾಮಾನ್ಯವಾಗಿ ರೇಡಿಯೊ ವಾಲ್ಯೂಮಿಗೆ ಮಾಡಿದ್ದು. ಅದರಲ್ಲಿ ಒಂದು ಬದಿಗೆ ಗುರಿಚಿಹ್ನೆ ತೆವಳುತ್ತದೆ, ಇನ್ನೊಂದು ಬದಿಗೆ ಹಾರುತ್ತದೆ.

ಮೊದಲ ಹೆಜ್ಜೆ: ಎಡಬಲದ ದಂಡ

300 ಮಿ.ಮೀ. ಉದ್ದ, 250 ಅಗಲ, 180 ಎತ್ತರದ ಪೆಟ್ಟಿಗೆ ಸಾಕು. ಮುಂದಿನ ಗೋಡೆಯಲ್ಲೂ, ಅದರಿಂದ 120 ಮಿ.ಮೀ. ಒಳಗೆ ನಿಲ್ಲಿಸಿದ ಎರಡನೇ ಗೋಡೆಯಲ್ಲೂ 32 ಮಿ.ಮೀ. ತೂತು ಬೇಕು. ಎರಡೂ ಹಲಗೆಗಳನ್ನು ಒಂದರ ಮೇಲೊಂದು ಕ್ಲಾಂಪ್ ಮಾಡಿ ಒಟ್ಟಿಗೇ ಕೊರೆಯಿರಿ, ಬೇರೆ ಬೇರೆ ಕೊರೆದರೆ ತೂತುಗಳು ಒಂದೇ ನೇರಕ್ಕೆ ಬರುವುದಿಲ್ಲ. ಬೇರಿಂಗ್‌ಗಳು ಹತ್ತಿರವಿದ್ದಷ್ಟೂ ಹಿಡಿಯ ತುದಿಯಲ್ಲಿ ಅಲ್ಲಾಟ ಹೆಚ್ಚು, ಹಾಗಾಗಿ 120 ಮಿ.ಮೀ.ಗಿಂತ ಕಡಿಮೆ ಅಂತರ ಬೇಡ.

12 ಮಿ.ಮೀ. ಸರಳೇ ಈ ದಂಡ. ಅದನ್ನು ಲೇತ್ ಅಂಗಡಿಗೆ ಒಯ್ದು, ಹಿಂದಿನ ತುದಿಯ 20 ಮಿ.ಮೀ. ಉದ್ದವನ್ನು 6 ಮಿ.ಮೀ. ದಪ್ಪಕ್ಕೆ ಇಳಿಸಿಕೊಳ್ಳಿ. ಮುಂದಿನ ತುದಿಗೆ ನಾಲ್ಕು ತೂತಿರುವ 60 ಮಿ.ಮೀ. ಚೌಕದ 5 ಮಿ.ಮೀ. ತಗಡನ್ನು ನೇರ ಕೋನದಲ್ಲಿ ವೆಲ್ಡ್ ಮಾಡಿಸಿ. ವೆಲ್ಡಿಂಗ್ ಮುಗಿದು ತಣ್ಣಗಾದ ಮೇಲೆಯೇ ಬೇರಿಂಗ್ ತೂರಿಸಿ, ಬಿಸಿಗೆ ಒಳಗಿನ ಗ್ರೀಸ್ ಸುಟ್ಟುಹೋಗುತ್ತದೆ.

ಎರಡನೇ ಹೆಜ್ಜೆ: ಯು ಚೌಕಟ್ಟು, ಹಿಡಿಗಳು

ಒಳಗೆ 140 ಮಿ.ಮೀ. ಅಗಲ ಬರುವಂತೆ ಪ್ಲೈವುಡ್ಡಿನ ಯು ಚೌಕಟ್ಟು ಮಾಡಿ, ಅದರ ಬೆನ್ನನ್ನು ತಗಡಿಗೆ ನಾಲ್ಕು ಬೋಲ್ಟುಗಳಿಂದ ಬಿಗಿಯಿರಿ. ಎರಡೂ ಬದಿಯ ತೋಳುಗಳಲ್ಲಿ 608 ಬೇರಿಂಗ್ ಕೂರಿಸಿ 8 ಮಿ.ಮೀ. ಸರಳನ್ನು ಅಡ್ಡಲಾಗಿ ತೂರಿಸಿ. ಸರಳಿನ ಎರಡೂ ತುದಿಗೆ ಒಂದೊಂದು ಹಿಡಿ ಬರುತ್ತದೆ. ಒಂದನ್ನು ಮೊದಲೇ ವೆಲ್ಡ್ ಮಾಡಿಸಬಹುದು, ಇನ್ನೊಂದು ಬಿಚ್ಚಲು ಬರಬೇಕು. ಅಲ್ಲಿ ಸರಳು, ಪೈಪು ಎರಡನ್ನೂ ಸೇರಿಸಿ 3 ಮಿ.ಮೀ. ತೂತು ಕೊರೆದು ಬೋಲ್ಟ್ ಹಾಕಿ. ಬರೀ ನಟ್ಟು ಬಿಗಿದರೆ ನಾಲ್ಕು ದಿನಕ್ಕೆ ಒಂದು ಹಿಡಿ ಮುಂದೆ, ಒಂದು ಹಿಂದೆ ಆಗುತ್ತದೆ.

ಮೂರನೇ ಹೆಜ್ಜೆ: ನಡು ಹಿಡಿಯುವ ಕತ್ತರಿ

ನಾನು ಸೋತದ್ದು ಇಲ್ಲೇ. ಯಾರಿಗಾದರೂ ಮೊದಲು ಹೊಳೆಯುವ ಉಪಾಯ, ಎಡಕ್ಕೊಂದು ಬಲಕ್ಕೊಂದು ಸ್ಪ್ರಿಂಗ್ ಕಟ್ಟುವುದು. ಎರಡೂ ಸಮನಾಗಿ ಎಳೆದರೆ ದಂಡ ನಡುವೆ ನಿಲ್ಲಬೇಕು ತಾನೇ? ನಿಲ್ಲುವುದಿಲ್ಲ. ದಂಡ ನಡುವಿಗೆ ಹತ್ತಿರವಾದಂತೆ ಎರಡು ಎಳೆತಗಳು ಒಂದನ್ನೊಂದು ಕಳೆದುಕೊಂಡು, ಉಳಿಯುವ ಬಲ ಸೊನ್ನೆಯತ್ತ ಇಳಿಯುತ್ತದೆ. ಬೇರಿಂಗ್, ಪೊಟೆನ್ಶಿಯೊಮೀಟರ್, ವೈರು ಇವುಗಳ ಘರ್ಷಣೆ ಮಾತ್ರ ಇಳಿಯುವುದಿಲ್ಲ. ಎಲ್ಲಿ ಘರ್ಷಣೆ ಗೆಲ್ಲುತ್ತದೋ ಅಲ್ಲೇ ದಂಡ ನಿಂತುಬಿಡುತ್ತದೆ. ಬಲದಿಂದ ಬಂದರೆ ನಡುವಿನ ಬಲಕ್ಕೆ, ಎಡದಿಂದ ಬಂದರೆ ಎಡಕ್ಕೆ. ಸ್ಪ್ರಿಂಗ್ ಬಿಗಿ ಮಾಡಿದರೆ ಈ ಅಂತರ ಕಿರಿದಾಗುತ್ತದೆ, ಹೋಗುವುದಿಲ್ಲ. ಕೈ ಮಾತ್ರ ಸೋಲುತ್ತದೆ.

ಇದಕ್ಕೆ ಪರಿಹಾರ ಕತ್ತರಿ. ಎರಡನೇ ಗೋಡೆಯ ಹಿಂದೆ, ದಂಡದ ಮೇಲೆ ಎರಡು ಕಬ್ಬಿಣದ ಪಟ್ಟಿಗಳನ್ನು ಸಲೀಸಾಗಿ ತಿರುಗುವಂತೆ ನೇತುಹಾಕಿ, ನಡುವೆ ವಾಷರ್ ಇರಲಿ. ಉದ್ದ 100 ಮಿ.ಮೀ. ಇವೇ ಕತ್ತರಿಯ ಎರಡು ಅಲಗು. ಕೆಳತುದಿಗಳನ್ನು ಒಂದು ಸ್ಪ್ರಿಂಗ್ ಒಳಕ್ಕೆ ಎಳೆದು ಹಿಡಿಯುತ್ತದೆ. ಅಲಗುಗಳ ನಡುವೆ ಎರಡು ಬೋಲ್ಟ್ ಇರಬೇಕು. ಒಂದು ಗೋಡೆಗೆ ಬಿಗಿದದ್ದು, ಅದು ಅಲ್ಲಾಡುವುದಿಲ್ಲ. ಇನ್ನೊಂದು ದಂಡಕ್ಕೇ ಬಿಗಿದ ಮೂರನೇ ಪಟ್ಟಿಯ ಮೇಲಿನದು, ಅದು ದಂಡದ ಜೊತೆ ತಿರುಗುತ್ತದೆ.

ದಂಡ ಬಲಕ್ಕೆ ತಿರುಗಿತು ಎನ್ನಿ. ತಿರುಗುವ ಬೋಲ್ಟ್ ಒಂದು ಅಲಗನ್ನು ತಳ್ಳಿಕೊಂಡು ಹೋಗುತ್ತದೆ, ಇನ್ನೊಂದು ಅಲಗು ಗೋಡೆಯ ಬೋಲ್ಟಿಗೆ ಒರಗಿ ನಿಲ್ಲುತ್ತದೆ, ಸ್ಪ್ರಿಂಗ್ ಹಿಗ್ಗುತ್ತದೆ. ಎಡಕ್ಕೆ ತಿರುಗಿದರೆ ಅಲಗುಗಳ ಪಾತ್ರ ಅದಲುಬದಲು. ಸ್ಪ್ರಿಂಗ್ ಮೊದಲೇ ಬಿಗಿಯಾಗಿ ಕೂತಿರುವುದರಿಂದ ನಡುವಿನಿಂದ ಕದಲಿದ ಕ್ಷಣದಿಂದಲೇ ಪೂರ್ತಿ ಬಲ ಹಿಂದಕ್ಕೆ ನೂಕುತ್ತದೆ. ಘರ್ಷಣೆಗೆ ಗೆಲ್ಲಲು ಎಡೆಯೇ ಇಲ್ಲ.

ಆದರೆ ಅಲಗುಗಳು ಎರಡೂ ಬೋಲ್ಟುಗಳನ್ನು ಒಟ್ಟಿಗೆ ಮುಟ್ಟುತ್ತಿರಬೇಕು. ಒಂದನ್ನು ಮಾತ್ರ ಮುಟ್ಟಿದರೆ ಇನ್ನೊಂದರ ಬಳಿ ಸಂದು ಉಳಿದು, ನಡುವಿನಲ್ಲಿ ದಂಡ ಟಕಟಕ ಎನ್ನುತ್ತದೆ. ಮುಟ್ಟುತ್ತಿರುವ ಬೋಲ್ಟಿನ ಎದುರಿಗೆ ಅಲಗಿನ ಅಂಚನ್ನು ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ, ಪ್ರತಿ ಸಲ ಜೋಡಿಸಿ ನೋಡಿ. ಕೈಮೀರಿ ಉಜ್ಜಿದ್ದರೆ ಬೋಲ್ಟಿಗೆ ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ (ಹೀಟ್ ಶ್ರಿಂಕ್) ಹಾಕಿ ದಪ್ಪ ಮಾಡಿ. ನನಗೆ ಈ ಒಂದು ಕೆಲಸಕ್ಕೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ಅಷ್ಟು ಹೊತ್ತು ಕೊಡಲೇಬೇಕಾದ ಕೆಲಸ ಇದು.

ಇದರದೇ ಚಿಕ್ಕ ರೂಪವನ್ನು, ಅಂದರೆ 50 ಮಿ.ಮೀ. ಅಲಗಿನ ಕತ್ತರಿಯನ್ನು, ಯು ಚೌಕಟ್ಟಿನ ಒಳಗೆ ಅಡ್ಡ ಸರಳಿಗೂ ಕೂರಿಸಿ. ಇಲ್ಲಿ ಸ್ಪ್ರಿಂಗ್ ಮೆದುವಾಗಿರಲಿ, ಮಣಿಕಟ್ಟು ಬೇಗ ದಣಿಯುತ್ತದೆ.

ಕೊನೆಯಲ್ಲಿ ತಡೆಗಳು. ಎಡಬಲಕ್ಕೆ 45 ಡಿಗ್ರಿ, ಮೇಲೆ ಕೆಳಗೆ 40 ಡಿಗ್ರಿ ದಾಟದಂತೆ ರಬ್ಬರ್ ಅಂಟಿಸಿದ ಮರದ ತುಂಡುಗಳನ್ನು ಬಿಗಿಯಿರಿ. ತಡೆ ಇಲ್ಲದಿದ್ದರೆ ಆ ಹೊಡೆತ ತಿನ್ನುವುದು ಪೊಟೆನ್ಶಿಯೊಮೀಟರ್. ಮಕ್ಕಳ ಕೈಗೆ ಸಿಕ್ಕರೆ ಅದು ಒಂದು ಸಂಜೆಯೂ ಬಾಳುವುದಿಲ್ಲ.

ನಾಲ್ಕನೇ ಹೆಜ್ಜೆ: ತಿರುವನ್ನು ಅಳೆಯುವುದು

ದಂಡದ 6 ಮಿ.ಮೀ. ತುದಿಗೂ ಪೊಟೆನ್ಶಿಯೊಮೀಟರಿನ ಕಡ್ಡಿಗೂ ಬೈಕಿನ ಪೆಟ್ರೋಲ್ ಪೈಪಿನ ಚಿಕ್ಕ ತುಂಡು ತೊಡಿಸಿ, ಎರಡೂ ಕಡೆ ಕ್ಲಿಪ್ ಹಾಕಿ. ನೇರ ತುಸು ತಪ್ಪಿದ್ದರೂ ರಬ್ಬರ್ ಸಹಿಸಿಕೊಳ್ಳುತ್ತದೆ. ಅಡ್ಡ ಸರಳಿನ ಎರಡೂ ತುದಿಯಲ್ಲಿ ಹಿಡಿಗಳಿರುವುದರಿಂದ ಅಲ್ಲಿ ಹೀಗೆ ನೇರ ಜೋಡಣೆ ಆಗದು. ಸರಳಿಗೆ 25 ಮಿ.ಮೀ. ಉದ್ದದ ಪುಟ್ಟ ತೋಳು, ಚೌಕಟ್ಟಿನ ಬೆನ್ನಿಗೆ ಕೂರಿಸಿದ ಪೊಟೆನ್ಶಿಯೊಮೀಟರಿಗೂ ಅಷ್ಟೇ ಉದ್ದದ ತೋಳು, ಎರಡನ್ನೂ ಸೇರಿಸಲು ಬಗ್ಗಿಸಿದ ಸೈಕಲ್ ಸ್ಪೋಕ್. ತೋಳುಗಳು ಸಮನಾಗಿದ್ದು ಸಮಾಂತರವಾಗಿದ್ದರೆ ಒಂದು ಎಷ್ಟು ತಿರುಗಿತೋ ಇನ್ನೊಂದೂ ಅಷ್ಟೇ ತಿರುಗುತ್ತದೆ.

ಗೇರ್ ಹಾಕಬೇಕೇ ಎಂದು ಹಲವರು ಕೇಳುತ್ತಾರೆ. ಲೆಕ್ಕ ಹಾಕೋಣ. ಪೊಟೆನ್ಶಿಯೊಮೀಟರ್ ಸುಮಾರು 300 ಡಿಗ್ರಿ ತಿರುಗುತ್ತದೆ, ಆರ್ಡುಯಿನೊ ಅದನ್ನು 0ಯಿಂದ 1023ರವರೆಗೆ ಓದುತ್ತದೆ. ನಮ್ಮ ಎಡಬಲದ 90 ಡಿಗ್ರಿಗೆ ಸುಮಾರು 307 ಮೆಟ್ಟಿಲು, ಮೇಲೆ ಕೆಳಗಿನ 80 ಡಿಗ್ರಿಗೆ ಸುಮಾರು 273. ಆ ಕಾಲದ ಸ್ಟಾರ್ ವಾರ್ಸ್ ಯಂತ್ರ ಓದುತ್ತಿದ್ದದ್ದು 8 ಬಿಟ್, ಅಂದರೆ 256 ಮೆಟ್ಟಿಲು. ನಮಗೆ ಇದೇ ಸಾಕು. ಅಗ್ಗದ ಗೇರ್ ಹಾಕಿದರೆ ಮೆಟ್ಟಿಲು ಹೆಚ್ಚುತ್ತದೆ ನಿಜ, ಆದರೆ ಹಲ್ಲುಗಳ ನಡುವಿನ ಸಡಿಲ ನಾವು ಕಷ್ಟಪಟ್ಟು ಸಾಧಿಸಿದ ನಡುವನ್ನು ಹಾಳು ಮಾಡುತ್ತದೆ.

ಐದನೇ ಹೆಜ್ಜೆ: ವೈರಿಂಗ್

ಪೊಟೆನ್ಶಿಯೊಮೀಟರಿನ ಮೂರು ಕಾಲುಗಳಲ್ಲಿ ಹೊರಗಿನ ಎರಡು 5 ವೋಲ್ಟಿಗೆ ಮತ್ತು ಗ್ರೌಂಡಿಗೆ, ನಡುವಿನದು ಎ0 ಪಿನ್ನಿಗೆ. ಎರಡನೆಯದರ ನಡುಗಾಲು ಎ1ಕ್ಕೆ. ಹೊರಗಿನವು ಅದಲುಬದಲಾದರೆ ದಿಕ್ಕು ತಿರುಗುಮುರುಗಾಗುತ್ತದೆ, ಅಷ್ಟೇ. ನಡುಗಾಲಿಗೆ 5 ವೋಲ್ಟ್ ಕೊಟ್ಟರೆ ಮಾತ್ರ ತಿರುಗಿಸುವಾಗ ಶಾರ್ಟ್ ಆಗಿ ಸುಡುತ್ತದೆ, ಪವರ್ ಕೊಡುವ ಮೊದಲು ಎರಡು ಸಲ ನೋಡಿ. ನಡುಗಾಲು ಮತ್ತು ಗ್ರೌಂಡ್ ನಡುವೆ ಕೆಪಾಸಿಟರ್ ಬೆಸೆದರೆ ನಡುಕ ತಗ್ಗುತ್ತದೆ. ಪ್ರತಿ ಗುಂಡಿಯ ಒಂದು ಕಾಲು ಒಂದೊಂದು ಡಿಜಿಟಲ್ ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ.

ಚೌಕಟ್ಟಿನಿಂದ ಪೆಟ್ಟಿಗೆಗೆ ಬರುವ ವೈರುಗಳು ಏಳು: 5 ವೋಲ್ಟ್, ಗ್ರೌಂಡ್, ಪೊಟೆನ್ಶಿಯೊಮೀಟರ್, ನಾಲ್ಕು ಗುಂಡಿ. ಹಳೆಯ ನೆಟ್‌ವರ್ಕ್ ಪ್ಯಾಚ್ ಕಾರ್ಡ್‌ನಲ್ಲಿ ಎಂಟಿರುತ್ತವೆ. ಎಳೆಎಳೆಯಾಗಿ ಹೆಣೆದ ವೈರೇ ಆಗಬೇಕು, ಗೋಡೆಯೊಳಗೆ ಹಾಕುವ ಒಂಟಿ ತಂತಿಯದು ತಿರುಗಿ ತಿರುಗಿ ಮುರಿಯುತ್ತದೆ. ಸಡಿಲವಾಗಿ ಒಂದು ಸುತ್ತು ಬಿಡಿ. ಪ್ರೊ ಮೈಕ್ರೊ ಬಳಸುವವರು ಯುಎಸ್‌ಬಿ ಕೇಬಲನ್ನು ಪೆಟ್ಟಿಗೆಗೆ ಕ್ಲಾಂಪ್ ಮಾಡಿ. ಆ ಬೋರ್ಡಿನ ಯುಎಸ್‌ಬಿ ಕಿಂಡಿ ಸಣ್ಣ ಎಳೆತಕ್ಕೂ ಕಿತ್ತುಬರುತ್ತದೆ.

ಆರನೇ ಹೆಜ್ಜೆ: ಪ್ರೋಗ್ರಾಂ, ಆಟ

ಆರ್ಡುಯಿನೊಗೆ ಸಿದ್ಧ ಜಾಯ್‌ಸ್ಟಿಕ್ ಲೈಬ್ರರಿ ಉಚಿತವಾಗಿ ಸಿಗುತ್ತದೆ. ಎರಡು ಅಕ್ಷ, ನಾಲ್ಕು ಗುಂಡಿ ಎಂದು ಹೇಳಿ, ಗುಂಡಿಗಳ ಪಿನ್ನುಗಳಿಗೆ ಒಳಗಿನ ಪುಲ್‌ಅಪ್ (ಗುಂಡಿ ಒತ್ತದಿದ್ದಾಗ ಪಿನ್ನನ್ನು 5 ವೋಲ್ಟಿನಲ್ಲಿ ಹಿಡಿದಿಡುವ ರೆಸಿಸ್ಟರ್) ಹಾಕಿ. ಮೊದಲು ಬೋರ್ಡ್ ಕಳಿಸುವ ಅಂಕಿಗಳನ್ನು ತೋರಿಸುವ ಸೀರಿಯಲ್ ಮಾನಿಟರ್ ಕಿಟಕಿ ತೆರೆದು, ಯೋಕನ್ನು ನಾಲ್ಕೂ ತಡೆಗಳಿಗೆ ಮುಟ್ಟಿಸಿ ಅಂಕಿಗಳನ್ನು ಬರೆದುಕೊಳ್ಳಿ. ನಡುವಿನ ಅಂಕಿಯನ್ನೂ ಬರೆದುಕೊಳ್ಳಿ, ಅದು ಎರಡು ತುದಿಗಳ ಸರಾಸರಿ ಆಗಿರಬೇಕೆಂದಿಲ್ಲ. ಎಡದ ತುದಿಯಿಂದ ನಡುವಿಗೆ, ನಡುವಿನಿಂದ ಬಲದ ತುದಿಗೆ ಬೇರೆ ಬೇರೆಯಾಗಿ ಲೆಕ್ಕ ಮಾಡಿಸಿ. ಎಂಟು ಓದುಗಳ ಸರಾಸರಿ ಸಾಕು, ನೂರರ ಸರಾಸರಿ ತೆಗೆದರೆ ಗುರಿಚಿಹ್ನೆ ಕೈಯ ಹಿಂದೆ ಬೀಳುತ್ತದೆ.

ಹಳೆಯ ಯಂತ್ರಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಮೇಮ್ ತಂತ್ರಾಂಶ 1997ರಿಂದ ಇದೆ, 2016ರಿಂದ ಮುಕ್ತ ತಂತ್ರಾಂಶ. ಆಟಗಳ ಹಕ್ಕು ಮಾತ್ರ ಆಯಾ ಕಂಪನಿಗಳದ್ದು. ಮೇಮ್‌ನ ಸೆಟ್ಟಿಂಗ್ ಕಡತದಲ್ಲಿ ಜಾಯ್‌ಸ್ಟಿಕ್ ಡೆಡ್‌ಝೋನ್ ಎಂಬುದನ್ನು ಸೊನ್ನೆಗೆ ಇಳಿಸಿ, ಸ್ಯಾಚುರೇಶನ್ (ಎಷ್ಟು ತಿರುಗಿದರೆ ಪೂರ್ತಿ ಎಂದು ಲೆಕ್ಕ ಎಂಬುದು) 1ಕ್ಕೆ ಏರಿಸಿ. ಡೆಡ್‌ಝೋನ್ ಎಂದರೆ ನಡುವಿನ ಸುತ್ತಲಿನ ಅಲುಗಾಟವನ್ನು ಕಡೆಗಣಿಸುವ ಜಾಗ. ನಡು ಗಟ್ಟಿಯಿಲ್ಲದ ಜಾಯ್‌ಸ್ಟಿಕ್‌ಗೆ ಅದು ಊರುಗೋಲು. ಕತ್ತರಿ ಸರಿಯಾಗಿ ಕೂತಿದ್ದರೆ ನಿಮಗೆ ಅದು ಬೇಡ. ಆಟದ ಮಧ್ಯೆ ಟ್ಯಾಬ್ ಒತ್ತಿ ಅನಲಾಗ್ ಹೊಂದಾಣಿಕೆಯ ಮೆನುವಿಗೆ ಹೋಗಿ, ಗುರಿಚಿಹ್ನೆ ಪರದೆಯ ಅಂಚು ಮುಟ್ಟುವವರೆಗೆ ಸೆನ್ಸಿಟಿವಿಟಿ ಹೆಚ್ಚಿಸಿ. ಮೇಲೆ ಕೆಳಗೆ ಉಲ್ಟಾ ಅನಿಸಿದರೆ ರಿವರ್ಸ್ ಅಲ್ಲೇ ಇದೆ. ಫ್ಲೈಟ್‌ಗಿಯರ್ ಎಂಬ ಉಚಿತ ವಿಮಾನ ಸಿಮ್ಯುಲೇಟರಿಗೂ ಈ ಯೋಕ್ ನಡೆಯುತ್ತದೆ.

ಮೊದಲ ವಾರ ಆಡಿದ ಮೇಲೆ ಒಮ್ಮೆ ಪೆಟ್ಟಿಗೆ ತೆರೆದು ಎಲ್ಲ ಬೋಲ್ಟುಗಳನ್ನು ಮತ್ತೆ ಬಿಗಿಯಿರಿ. ಪ್ಲೈವುಡ್ ಅದುಮಿಕೊಂಡು ಸಡಿಲವಾಗಿರುತ್ತವೆ. ಯು ಚೌಕಟ್ಟನ್ನು ನಾಲ್ಕು ಬೋಲ್ಟಿನ ಮೇಲೆ ನಿಲ್ಲಿಸಿದ್ದು ಬೇಕೆಂದೇ. ಗುಜರಿಯಲ್ಲಿ ಸಿಕ್ಕ ಹಳೆಯ ಸೈಕಲ್ ಹ್ಯಾಂಡಲನ್ನು ಇನ್ನೊಂದು ಚೌಕಟ್ಟಿಗೆ ಜೋಡಿಸಿಟ್ಟುಕೊಂಡರೆ, ಹತ್ತು ನಿಮಿಷದಲ್ಲಿ ಇದನ್ನು ಬಿಚ್ಚಿ ಅದನ್ನು ಹಾಕಿ ಪೇಪರ್‌ಬಾಯ್ ಆಡಲು ಕೂರಬಹುದು.