ಗೊಂಬೆಯ ಮುಖಕ್ಕೆ ರೆಪ್ಪೆ ಕಟ್ಟುವುದು

ಯಂತ್ರದಿಂದ ಆಡುವ ಮುಖ ಮಾಡಲು ಹೊರಟವರು ಸಾಮಾನ್ಯವಾಗಿ ಬಾಯಿಗೆ ಕೈಹಾಕುತ್ತಾರೆ. ನಾನು ರೆಪ್ಪೆಯಿಂದ ಶುರು ಮಾಡುತ್ತೇನೆ. ಮುಂಬೈಯ ಮಾಟುಂಗದ ಮೈಸೂರು ಅಸೋಸಿಯೇಷನ್ ಸಭಾಂಗಣದಂಥ ಕಡೆ ಮುಂದಿನ ಸಾಲಿನವರ ದೃಷ್ಟಿ ಗೊಂಬೆಯ ಕಣ್ಣಿನ ಮೇಲೇ ಇರುತ್ತದೆ. ದವಡೆ ಮಾತಿಗೆ ಸ್ವಲ್ಪ ಹಿಂದೆ ಬಿದ್ದರೆ ಯಾರೂ ಗಮನಿಸುವುದಿಲ್ಲ, ರೆಪ್ಪೆ ತಪ್ಪಿದರೆ ಮುಖ ಸತ್ತಂತೆ ಕಾಣುತ್ತದೆ.

ಕಣ್ಣುಗುಡ್ಡೆಗೆ 40 ಮಿ.ಮೀ. ಟೇಬಲ್ ಟೆನಿಸ್ ಚೆಂಡು ಸಾಕು. ಮನುಷ್ಯನ ಕಣ್ಣು ಸುಮಾರು 24 ಮಿ.ಮೀ., ಹಾಗಾಗಿ ತಲೆಯೂ ಸುಮಾರು 1.7 ಪಟ್ಟಿನಷ್ಟು ದೊಡ್ಡದಿರಬೇಕು. ಚೆಂಡಿನ ಹಿಂಭಾಗ ಕತ್ತರಿಸಿ ಒಳಗೆ ಯೂನಿವರ್ಸಲ್ ಜಾಯಿಂಟ್ (ಎಲ್ಲ ಕಡೆಗೂ ಬಾಗುವ ಕೀಲು) ಕೂರಿಸಿ. ಅದರ ನಡು ಚೆಂಡಿನ ನಡುವಿಗೇ ಬರಬೇಕು. 2 ಮಿ.ಮೀ. ಹಿಂದೆ ಸರಿದರೂ ಕಣ್ಣು ತಿರುಗುವ ಬದಲು ಪಕ್ಕಕ್ಕೆ ಜಾರುತ್ತದೆ, ಒಂದು ಕಡೆ ರೆಪ್ಪೆಗೆ ಉಜ್ಜುತ್ತದೆ, ಇನ್ನೊಂದು ಕಡೆ ಸಂದಿ ಬಿಡುತ್ತದೆ.

ರೆಪ್ಪೆಗೆ ಇನ್ನೊಂದು ಚೆಂಡಿನ ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ, 2 ಮಿ.ಮೀ. ದಪ್ಪಕ್ಕೆ ಎಂ-ಸೀಲ್ ಹಚ್ಚುತ್ತೇನೆ. ಗಟ್ಟಿಯಾದ ಮೇಲೆ ಒಳಮೈಯನ್ನು ಮರಳು ಕಾಗದದಿಂದ ತಿಕ್ಕಿ ಕಣ್ಣಿಗೂ ರೆಪ್ಪೆಗೂ ನಡುವೆ ಅರ್ಧದಿಂದ 1 ಮಿ.ಮೀ. ಜಾಗ ಬಿಡಬೇಕು. ರೆಪ್ಪೆಯ ಎರಡೂ ಬದಿಯ ಕೀಲು ಕಣ್ಣಿನ ನಡುಗೆರೆಯಲ್ಲೇ ಇರಲಿ.

ಜೀವ ಬರುವುದು ಇಲ್ಲಿಂದ ಮುಂದೆ. ನಾವು ಕೆಳಗೆ ನೋಡಿದಾಗ ಮೇಲಿನ ರೆಪ್ಪೆಯೂ ಜೊತೆಗೆ ಇಳಿಯುತ್ತದೆ. ಗೊಂಬೆಯಲ್ಲಿ ಇಳಿಯದಿದ್ದರೆ ಕರಿಗುಡ್ಡೆಯ ಮೇಲೆ ಬಿಳಿ ಕಾಣಿಸಿ, ಹೆದರಿದ ಮುಖವಾಗುತ್ತದೆ. ಕಣ್ಣು 20 ಡಿಗ್ರಿ ಇಳಿದರೆ ರೆಪ್ಪೆಯನ್ನು 14 ಡಿಗ್ರಿ ಇಳಿಸುವಂತೆ ಪ್ರೋಗ್ರಾಂನಲ್ಲೇ ಕಟ್ಟಿಬಿಡುತ್ತೇನೆ. ಮಿಟುಕಿಸುವಾಗ ಮುಚ್ಚುವುದು ಬೇಗ, ತೆರೆಯುವುದು ಅದಕ್ಕಿಂತ ನಿಧಾನ. ಎರಡಕ್ಕೂ ಒಂದೇ ವೇಗ ಕೊಟ್ಟರೆ ನಿದ್ದೆಗಣ್ಣು. ದೃಷ್ಟಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ದೂರ ಹೊರಳುವಾಗ ನಡುವೆ ಒಮ್ಮೆ ಮಿಟುಕಿಸಿದರೆ ತುಂಬ ಸಹಜ.

ಕಣ್ಣು ನಡುಗುತ್ತಿದ್ದರೆ ಅದನ್ನು ತಿರುಗಿಸುವ ಸರ್ವೋವನ್ನು (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಚಿಕ್ಕ ಮೋಟಾರು) ಬೈಯುವ ಮೊದಲು, ಸರ್ವೋದ ಕೈಯಿಂದ ಕಣ್ಣನ್ನು ಎಳೆಯುವ ತಂತಿ ಹೊಕ್ಕ ತೂತು ನೋಡಿ. 10 ಮಿ.ಮೀ. ಉದ್ದದ ಕೈಯಲ್ಲಿ 0.3 ಮಿ.ಮೀ. ಸಡಿಲವಿದ್ದರೆ ಕರಿಗುಡ್ಡೆ ಅರ್ಧ ಮಿ.ಮೀ.ಗಿಂತ ಹೆಚ್ಚು ಅಲ್ಲಾಡುತ್ತದೆ, ಅದು ಬರಿಗಣ್ಣಿಗೆ ಕಾಣುತ್ತದೆ. ತಂತಿಗೆ ತಕ್ಕ ತೂತನ್ನೇ ಕೊರೆಯಿರಿ. ಕೈಯನ್ನು ಸಿಕ್ಕಿಸುವ ಮುನ್ನ ಸರ್ವೋಗೆ 1500 ಮೈಕ್ರೊಸೆಕೆಂಡಿನ ಸಿಗ್ನಲ್ ಕೊಟ್ಟು ನಡುವಿಗೆ ತಂದುಕೊಳ್ಳಿ. ಇಲ್ಲದಿದ್ದರೆ ಒಂದು ಕಡೆ ಪೂರ್ತಿ ತಿರುಗದೆ ಸಿಕ್ಕಿಕೊಳ್ಳುತ್ತದೆ.

ಕಣ್ಣು, ರೆಪ್ಪೆ, ಹುಬ್ಬಿಗೆ ಲೋಹದ ಹಲ್ಲಿನ ಎಂಜಿ90ಎಸ್ ಎಂಬ ಚಿಕ್ಕ ಸರ್ವೋ, ದವಡೆಗೆ ಎಂಜಿ996ಆರ್ ಎಂಬ ದೊಡ್ಡದು. ಎರಡೂ ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತವೆ. ದವಡೆಯ ಕೀಲು ಕಿವಿಯ ಮುಂದೆಯೇ ಇರಲಿ, ಕೆನ್ನೆಯ ನಡುವಿಗೆ ತಂದರೆ ಅಡಕತ್ತರಿ ತೆರೆದಂತೆ ಕಾಣುತ್ತದೆ. ಕರೆಂಟನ್ನು ಸರ್ವೋಗಳಿಗೆ ಸಿಗ್ನಲ್ ಕೊಡುವ ಆರ್ಡುಯಿನೋ ಬೋರ್ಡಿನ 5 ವೋಲ್ಟ್ ಪಿನ್ನಿನಿಂದ ತೆಗೆಯಬೇಡಿ. ಎಲ್ಲ ಸರ್ವೋಗಳು ಒಟ್ಟಿಗೆ ಎಳೆದಾಗ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ, ಮುಖ ಒಮ್ಮೆಲೇ ಸೊಟ್ಟಗಾಗುತ್ತದೆ. ಬೇರೆ 5 ವೋಲ್ಟ್ 10 ಆಂಪಿಯರ್ ಸಪ್ಲೈ ಇಟ್ಟು, ಅದರ ಮತ್ತು ಬೋರ್ಡಿನ ಗ್ರೌಂಡ್ (ನೆಗೆಟಿವ್) ಮಾತ್ರ ಜೋಡಿಸಿ.

ಚರ್ಮಕ್ಕೆ ಪ್ಲಾಟಿನಂ ಸಿಲಿಕೋನ್ (ಎರಡು ಡಬ್ಬಿಯ ದ್ರವ ಕಲಸಿ ಅಚ್ಚಿಗೆ ಸುರಿದರೆ ಗಟ್ಟಿಯಾಗುವ ರಬ್ಬರು): ಕೆನ್ನೆಯಲ್ಲಿ 4 ಮಿ.ಮೀ., ರೆಪ್ಪೆ ಮತ್ತು ತುಟಿಯ ಅಂಚಿನಲ್ಲಿ ಒಂದೂವರೆ. ದಪ್ಪವಾದರೆ ಚಿಕ್ಕ ಸರ್ವೋ ಎಳೆಯಲಾರದು. ತಂತಿ ಎಳೆಯುವ ಜಾಗದಲ್ಲಿ ಹಿಂದಿನಿಂದ ನೈಲಾನ್ ಜಾಲರಿ ಹುದುಗಿಸದಿದ್ದರೆ ಮೊದಲು ಬಾಯಿಯ ಮೂಲೆ ಹರಿಯುತ್ತದೆ. ಗಂಧಕವಿರುವ ಜೇಡಿ ಮುಟ್ಟಿದರೂ, ಲೇಟೆಕ್ಸ್ ಗ್ಲವ್ಸ್ ಹಾಕಿ ಕಲಸಿದರೂ ಸಿಲಿಕೋನ್ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ನೈಟ್ರೈಲ್ ಗ್ಲವ್ಸ್ ಹಾಕಿ, ಮೊದಲು ಒಂದು ಚಮಚದಷ್ಟು ಪರೀಕ್ಷಿಸಿ. ಮುಂಬೈಯ ಮೇ ತಿಂಗಳ ಸೆಕೆಯಲ್ಲಿ ಕಲಸಿದ್ದು ಸುರಿಯುವಷ್ಟರಲ್ಲೇ ಮಂದವಾಗುತ್ತದೆ. ಎರಡೂ ಡಬ್ಬಿಗಳನ್ನು ತಣ್ಣಗಿಟ್ಟುಕೊಂಡರೆ ಸಮಯ ಸಿಗುತ್ತದೆ. ಮಳೆಗಾಲದಲ್ಲಿ ಪಿಒಪಿ (ಪ್ಲಾಸ್ಟರ್) ಅಚ್ಚು ವಾರವಾದರೂ ಒಣಗುವುದಿಲ್ಲ, ಫ್ಯಾನ್ ಕೆಳಗಿಟ್ಟು ಕಾಯಲೇಬೇಕು.

ಚರ್ಮ ಹೊದಿಸುವ ಮೊದಲು ಬರೀ ಯಂತ್ರವನ್ನು ಒಂದು ಗಂಟೆ ಓಡಿಸಿ, ಸರ್ವೋಗಳನ್ನು ಒಂದೊಂದಾಗಿ ಬೆರಳಿಂದ ಮುಟ್ಟಿ ನೋಡಿ. ಬಿಸಿಯಾಗಿರುವುದರ ತಂತಿ ಎಲ್ಲೋ ತಿಕ್ಕುತ್ತಿರುತ್ತದೆ.